ಉಳಿಸಿಕೊಂಡ ಒಂದೇ ಫೋಟೋ

ಹೊಲಿಗೆ ಮಷೀನು ರಿಪೇರಿಯವನನ್ನು ಎಲ್ಲರೂ ಕರೆಯುವುದು ಸೂಜಿಯಣ್ಣ ಎಂದು. ಕೈಯಲ್ಲಿ ಸ್ಕ್ರೂಡ್ರೈವರ್ ಇರುವಷ್ಟು ಹೊತ್ತು ಬಂಗಾರದಂಥ ಮನುಷ್ಯ. ಫೋನ್ ಹಿಡಿದನೋ, ನಾಲಿಗೆಗೆ ಲಗಾಮಿಲ್ಲ. ರಿಪೇರಿಗೆ ಬಂದ ಒಂದೊಂದು ಮಷೀನಿನ ಫೋಟೋವನ್ನೂ ಜಾಲತಾಣಕ್ಕೆ ಹಾಕಿ, ಕೆಡಿಸಿದವರ ಜನ್ಮ ಜಾಲಾಡುತ್ತಿದ್ದ. ಒಂಬತ್ತು ವರ್ಷ ಜನ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಈಚೆಗೆ ಅಲ್ಲಿ ಬರೀ ಜಾಹೀರಾತು, ಬರೀ ಜಗಳ. ಸಾಕಪ್ಪಾ ಸಾಕು ಅನ್ನಿಸಿ ಒಂದು ಭಾನುವಾರ ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಮಗಳೊಂದಿಗೆ ಕೂತು ಖಾತೆ ಮುಚ್ಚಲು ಹೊರಟ.

"ಅಪ್ಪಾ, ಇದನ್ನ ಒತ್ತಿದ್ರೆ ಹಳೇದೆಲ್ಲಾ ಅಳಿಸಿಹೋಗುತ್ತೆ. ಒತ್ಲಾ?"

"ತಡಿ, ಒಂದ್ಸಲ ನೋಡ್ಕೊಂಡುಬಿಡ್ತೀನಿ."

ನೋಡುತ್ತಾ ಹೋದವನ ಬೆರಳು ಒಂದು ಕಡೆ ನಿಂತಿತು. ನಾಲ್ಕು ವರ್ಷದ ಹಿಂದಿನ ಫೋಟೋ. ಎಣ್ಣೆ ಅಂಟಿನಂತೆ ಗಟ್ಟಿಯಾಗಿ ಕಚ್ಚಿಕೊಂಡ ಮಷೀನು. ಪಕ್ಕದಲ್ಲಿ ಅದರ ಒಡತಿ, ಹಿಂದಿನ ಬೀದಿಯ ಟೈಲರಮ್ಮ. ಮೇಲೆ ಇವನ ಒಕ್ಕಣೆ: 'ಮಷೀನಿಗೆ ಅಡುಗೆ ಎಣ್ಣೆ ಕುಡಿಸಿದ ಮಹಾತಾಯಿ. ಇವರ ಕೈಗೆ ಬಟ್ಟೆ ಕೊಡುವ ಮುನ್ನ ಯೋಚಿಸಿ.' ಕೆಳಗೆ ಆಕೆ, 'ಇದು ನೀವೇ ಕೊಟ್ಟ ಸೀಸೆಯ ಎಣ್ಣೆ ಅಣ್ಣ' ಎಂದು ಬರೆದಿದ್ದಳು. ಅದಕ್ಕೂ ಮೂವತ್ತು ಜನ ಹಲ್ಲು ಕಿರಿದಿದ್ದರು.

ಸರ್ವಿಸ್ ಮಾಡಿಸಿದವರಿಗೆಲ್ಲ ಒಂದು ಪುಟ್ಟ ಸೀಸೆ ಎಣ್ಣೆಯನ್ನು ಪುಕ್ಕಟೆ ಕೊಡುವುದು ಸೂಜಿಯಣ್ಣನ ರೂಢಿ. ಆ ಫೋಟೋ ಹಾಕಿದ ಎರಡೇ ವಾರಕ್ಕೆ ಇನ್ನೂ ಮೂರು ಮಷೀನು ಹಾಗೇ ಅಂಟಿಕೊಂಡು ಬಂದವು. ಮೂರಕ್ಕೂ ಹಾಕಿದ್ದು ಅದೇ ಸೀಸೆಯ ಎಣ್ಣೆ. ಕೆಟ್ಟಿದ್ದು ಸೀಸೆಗಳಿಗೆ ತುಂಬಿಸುತ್ತಿದ್ದ ಇವನ ಡಬ್ಬದ ಮಾಲೇ. ಮೂರನ್ನೂ ಸರಿಮಾಡಿಕೊಟ್ಟ, ಡಬ್ಬ ಎಸೆದ, ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟರಲ್ಲಿ ಫೋಟೋ ನೋಡಿದ ಶಾಲೆಯವರು ಸಮವಸ್ತ್ರದ ಕೆಲಸವನ್ನು ಟೈಲರಮ್ಮನಿಂದ ಕಿತ್ತು ಬೇರೆಯವರಿಗೆ ಕೊಟ್ಟಾಗಿತ್ತು.

ಈಗ ಒಂದು ಗುಂಡಿ ಒತ್ತಿದರೆ ಎಲ್ಲ ಮಂಗಮಾಯ. ಸೂಜಿಯಣ್ಣನಿಗೆ ಒಳಗೊಳಗೇ ಹಿತವೆನಿಸಿತು. ಹಿತವೆನಿಸಿದ್ದಕ್ಕೆ ನಾಚಿಕೆಯೂ ಆಯಿತು. ಚಪ್ಪಲಿ ಮೆಟ್ಟಿಕೊಂಡು ಹಿಂದಿನ ಬೀದಿಗೆ ನಡೆದ.

ಟೈಲರಮ್ಮ ಯಾರದೋ ಹಳೆಯ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಇವನು ತಡವರಿಸುತ್ತಾ ಎಲ್ಲ ಹೇಳಿ, "ತಪ್ಪಾಯ್ತಮ್ಮ. ಇವತ್ತೇ ಅಳಿಸಿಬಿಡ್ತೀನಿ" ಎಂದ.

ಆಕೆ ಮಷೀನು ನಿಲ್ಲಿಸಲಿಲ್ಲ. "ಅಳಿಸಿದ್ರೆ ನಿಮಗೆ ಹಗುರ ಆಗುತ್ತೆ ಅಣ್ಣ. ನೋಡಿದೋರ ತಲೆಯಿಂದ ಅಳಿಸೋಕಾಗುತ್ತಾ? ಎಣ್ಣೆ ನಿಮ್ದು ಅಂತ ನಾನು ಹೇಳಿರೋದು ಅದೊಂದೇ ಜಾಗದಲ್ಲಿ. ಅದೂ ಹೋಗ್ಬೇಕಾ?"

ಸೂಜಿಯಣ್ಣ ಬಂದ ದಾರಿಯಲ್ಲೇ ಹಿಂತಿರುಗಿದ. ಅಂಗಡಿಗೆ ಬಂದು ಫೋಟೋದ ಮೇಲೆ ಬರೆದ: 'ಈಕೆ ಹೇಳಿದ್ದೇ ನಿಜ. ಕೆಟ್ಟ ಎಣ್ಣೆ ನನ್ನದು. ಗೊತ್ತಿದ್ದೂ ನಾಲ್ಕು ವರ್ಷ ಸುಮ್ಮನಿದ್ದೆ.' ಉಳಿದ ಫೋಟೋಗಳನ್ನೆಲ್ಲ ಮಗಳು ಅಳಿಸಿದಳು.

"ಖಾತೆ ಮುಚ್ಚಿದ್ರೆ ಇದೂ ಹೋಗುತ್ತಪ್ಪ."

"ಹಾಗಾದ್ರೆ ಮುಚ್ಚಬೇಡ."

ಬಿಟ್ಟುಹೋಗಲು ಹೊರಟವನು ಹೀಗೆ ಅಲ್ಲೇ ಉಳಿದ. ಶಾಲೆಯವರಿಂದ ಸುದ್ದಿಯಿಲ್ಲ. ಜಾಲತಾಣದಲ್ಲಿ ಸೂಜಿಯಣ್ಣನ ಅಂಗಡಿ ಹುಡುಕುವವರಿಗೆ ಈಗ ಸಿಗುವುದು ಆ ಒಂದೇ ಫೋಟೋ. ಅದನ್ನು ಓದಿದವರಲ್ಲಿ ಕೆಲವರು ಮಷೀನನ್ನು ಬೇರೆ ಕಡೆ ಒಯ್ಯುತ್ತಾರೆ.