ಗೋಧಿ ತೆನಿ ಮುಡಿದಾಕಿ

ಹುಣಸೆಹುಳಿಯ ವಾಸನೆ ಮೂಗಿಗೆ ಬಡಿಯಿತು. ನಾಳೆ ಕೂಸನ್ನು ತೊಟ್ಟಿಲಿಗೆ ಹಾಕುವುದಿದೆ ಅಂತ ನನ್ನ ಮಗಳು ಬೆಳ್ಳಿ ಸಾಮಾನು ಬೆಳಗಲು ಕುಳಿತಿದ್ದಳು. ಮೊಮ್ಮಗಳು ಹೆಣ್ಣು ಹಡೆದಿದ್ದಾಳೆ! ಸಂತೋಷ ತಡೆಯಲಾರದೆ ಬಂದವರ ಕೈಗೆಲ್ಲಾ ಸಕ್ಕರೆ ಹಾಕಿ ಹಾಕಿ ನನ್ನ ರಟ್ಟೆ ಸೋತಿವೆ. ಮೊದಲಿನ ಕಸುವು ಈಗೆಲ್ಲಿ... ಮಗಳ ಕೈಯಲ್ಲಿ ಆ ಕಪ್ಪು ನಾಣ್ಯ ಕಂಡದ್ದೇ ಕೂಗಿದೆ:

"ಏ, ಅದನ್ನ ತಿಕ್ಕಬ್ಯಾಡ! ಅದೊಂದು ಹಂಗ ಇರಲಿ."

ಅಕ್ಕಸಾಲಿಗ ಪತ್ತಾರಜ್ಜ ಕಣ್ಣ ಮುಂದೆ ಬಂದು ಕೂತುಬಿಟ್ಟ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿರಬೇಕು. ನಾನು ಯಾವಗಲ್ ಊರಿನಿಂದ ಗಜೇಂದ್ರಗಡದ ನೇಕಾರರ ಮನೆಗೆ ಸೊಸೆಯಾಗಿ ಬಂದಿದ್ದೆ. ನಮ್ಮ ಮಗ್ಗದ ಸಪ್ಪಳ ನಿಂತರೆ ಬಾಜೂ ಮನೆಯಿಂದ ಪತ್ತಾರಜ್ಜನ ಸುತ್ತಿಗೆ ಕೇಳುತ್ತಿತ್ತು. ಮೊದಲನೆಯ ದೊಡ್ಡ ಲಡಾಯಿಗೆ ಹೋದ ಸಿಪಾಯಿಗಳು ಫ್ರಾನ್ಸ್ ದೇಶದ ಹಳೆಯ ಬೆಳ್ಳಿ ನಾಣ್ಯ ತಂದಿದ್ದರಂತೆ. ಕಾಲ್ಗಡಗ, ಉಡದಾರ ಮಾಡಿಸುವುದಕ್ಕೆ ಅವರ ಮನೆಯವರು ಅವನ್ನು ಅಜ್ಜನಿಗೆ ಕೊಡುವರು. ಅಜ್ಜ ಅಷ್ಟೇ ತೂಕದ ತನ್ನ ಬೆಳ್ಳಿ ಕರಗಿಸಿ ಒಡವೆ ಮಾಡಿಕೊಟ್ಟು, ನಾಣ್ಯ ತಾನು ಇಟ್ಟುಕೊಳ್ಳುವನು. ಕುಲುಮೆಯ ಮುಂದೆ ಕೂತು ಜೀವಮಾನವೆಲ್ಲಾ ಕರಗಿಸಿದ ಮನುಷ್ಯನಿಗೆ ಅವನ್ನು ಮಾತ್ರ ಕರಗಿಸಲು ಮನಸ್ಸು ಬರಲಿಲ್ಲ.

ಒಂದು ಸಾಗವಾನಿ ಹಲಗೆಯಲ್ಲಿ ಗುಂಡಗೆ ಕುಳಿ ಕೊರೆದು ಒಂದೊಂದನ್ನು ಕೂರಿಸಿದ್ದ. ಹೊಳೆಆಲೂರಿನ ಒಬ್ಬ ಸಾಲಿ ಮಾಸ್ತರರ ಹತ್ತಿರ ಹೋಗಿ ಅವುಗಳ ಕಥೆ ಕೇಳಿಕೊಂಡು ಬರುತ್ತಿದ್ದ. ಬಂದವನೇ ನಮ್ಮ ಕಟ್ಟೆಯ ಮೇಲೆ ಹಲಗೆ ಇಡುವನು.

"ಪತ್ತಾರಪ್ಪಾ, ನಿನ್ನ ಹಲಗಿ ಮ್ಯಾಲ ರಾಜಗೋಳು ಭಾಳ ಆದರಲ್ಲ, ಉಣ್ಣಾಕ ಏನ ಹಾಕ್ತಿ?" ಅಂತ ನಮ್ಮತ್ತೆ ಕೆಣಕುವರು.

"ರಾಜಗೋಳು ಬರ್ತಾರ, ಹೋಗ್ತಾರಬೇ. ತೂಕ ಮಾತ್ರ ಗುಂಜಿ ಫರಕ ಇಲ್ಲ!"

ಆದರೆ ಒಬ್ಬ ರಾಜನಿಗೂ ಒಬ್ಬ ಬಾದಶಹನಿಗೂ ನಡುವೆ ಒಂದು ಕುಳಿ ಖಾಲಿ. ರಾಜನನ್ನು ಓಡಿಸಿದ ಮಂದಿ, ಇನ್ನು ಯಾವ ರಾಜನ ಮುಖವೂ ಬೇಡ ಅಂತ ತಲೆಯಲ್ಲಿ ಗೋಧಿ ತೆನೆ ಮುಡಿದ ಒಬ್ಬ ಹೆಣ್ಣನ್ನು ನಾಣ್ಯಕ್ಕೆ ಒತ್ತಿದ್ದರಂತೆ. ಬೆಳೆಯ ತಾಯಿ ಆಕೆ. ಮೂರ್ನಾಲ್ಕು ವರ್ಷಕ್ಕೆ ಬಾದಶಹ ಬಂದು ಮತ್ತೆ ತನ್ನ ಮುಖ ಒತ್ತಿಸಿದ. "ಅಕೀ ಒಬ್ಬಾಕಿ ಸಿಗವಲ್ಲಳು," ಅಂತ ಅಜ್ಜ ಆ ಖಾಲಿ ಕುಳಿಯ ಮೇಲೆ ಬೆರಳಾಡಿಸುತ್ತಿದ್ದ.

ಕೇಳುತ್ತಿದ್ದ ನಾನು ತಟ್ಟನೆ ಕೂಗಿದೆ: "ಅಜ್ಜಾ, ಅಕೀ ನಮ್ಮ ದೇವರ ಜಗಲಿ ಮ್ಯಾಲ ಅದಾಳ್ರಿ!"

ಸಿಪಾಯಿಯಾಗಿದ್ದ ನಮ್ಮ ಮುತ್ಯಾ ತಂದದ್ದು. ತೆನೆ ಕಂಡು ಲಕ್ಷ್ಮಿಯೇ ಅಂತ ನಮ್ಮವ್ವ ಪೂಜೆಗೆ ಇಟ್ಟು, ಮದುವೆಯಲ್ಲಿ ನನ್ನ ಉಡಿಗೆ ಹಾಕಿದ್ದಳು. ಅಜ್ಜ ಬಂದು ಕುಂಕುಮದ ಹೆಕ್ಕಳಿಕೆಯನ್ನು ಉಗುರಿನಿಂದ ತುಸು ಸರಿಸಿ ನೋಡಿದ. "ಒಂದೊಂದ ಕಾಳ ಎಣಿಸಬಹುದಲ್ಲವ್ವಾ..." ನನ್ನ ಹೊಟ್ಟೆಯಲ್ಲಿದ್ದ ಕೂಸಿಗೆ ಉಡದಾರ ಮಾಡಿಕೊಡುವುದು, ನಾಣ್ಯ ಅಜ್ಜನಿಗೆ ಅಂತ ಮಾತಾಯಿತು. ಅತ್ತೆಯೂ ಒಪ್ಪಿದರು.

ಜಗಲಿಯ ಬೆಳ್ಳಿಯನ್ನು ಇನ್ನೊಬ್ಬರ ಮನೆಗೆ ಕೊಡುವಾಗ ಬೆಳಗಿ ಕೊಡಬೇಕು, ಅದು ನಮ್ಮ ಪದ್ಧತಿ. ಮರುದಿನ ಹುಣಸೆಹುಳಿ, ಇಟ್ಟಂಗಿ ಪುಡಿ ಹಚ್ಚಿ ತಿಕ್ಕಿದೆ. ಸಂದಿಯ ಕಪ್ಪು ಹೋಗಲಿಲ್ಲ. ಅಜ್ಜನಿಗೆ ಕೊಡುವುದು, ಹೊಳೆಯಬೇಕು ಅಂತ ಒಗೆಯುವ ಕಲ್ಲಿಗೆ ಹಚ್ಚಿ ಉಜ್ಜಿದೆ, ತೋಳು ನೋಯುವ ತನಕ.

ಅಜ್ಜ ಬೆಳಕಿಗೆ ಹಿಡಿದು ನೋಡಿದ. ಚಷ್ಮಾ ತೆಗೆದು ಒರೆಸಿ ಮತ್ತೆ ನೋಡಿದ.

"ಕನ್ನಡಿ ಮಾಡಿಬಿಟ್ಟೀಯಲ್ಲವ್ವಾ," ಅಂದ. ಖಾಲಿ ಕುಳಿಯಲ್ಲಿ ಕೂರಿಸಿದ. ಪಕ್ಕದ ರಾಜನ ಕೂದಲು ಕೂದಲೂ ಎದ್ದು ಕಾಣುತ್ತಿದ್ದವು. ಆಕೆಗೆ ತೆನೆಯೂ ಇರಲಿಲ್ಲ, ಮೂಗೂ ಇರಲಿಲ್ಲ. ಆಗ ತಿಳಿಯಿತು ನನಗೆ. ನಿಂತಲ್ಲೇ ಅತ್ತುಬಿಟ್ಟೆ.

"ಅಳಬ್ಯಾಡ. ಬಾದಶಹ ಅಕೀನ್ನ ಬ್ಯಾಡಾಗಿ ಅಳಿಸಿದ. ನೀ ಪ್ರೀತಿಲೆ ಅಳಿಸೀದಿ. ಫರಕ ಐತಿ," ಅಂದ ಅಜ್ಜ.

ಉಡದಾರ ಮಾತಿನ ಪ್ರಕಾರ ಮಾಡಿಕೊಟ್ಟ. ಇನ್ನೊಂದು ಅಂಥದ್ದು ಅವನಿಗೆ ಸಿಗಲೇ ಇಲ್ಲ...

ಅಜ್ಜ ತೀರಿಕೊಂಡ ಮೇಲೆ ಮಕ್ಕಳು ಆ ರಾಜರನ್ನೂ ಬಾದಶಹರನ್ನೂ ಅದೇ ಕುಲುಮೆಯಲ್ಲಿ ಕರಗಿಸಿದರು. ಬೇಡ ಅನ್ನಲು ನನಗೆ ಯಾವ ಬಾಯಿ ಇತ್ತು? ಸಂಜೆ ಅವನ ಸೊಸೆ ಬಂದು ನನ್ನ ಅಂಗೈಯಲ್ಲಿ ಈ ನಾಣ್ಯ ಇಟ್ಟಳು. "ಇದೊಂದನ್ನ ಕರಗಿಸಬ್ಯಾಡ್ರಿ, ಬಾಜೂ ಮನಿ ಹುಡುಗಿಗೆ ಕೊಡ್ರಿ ಅಂದಿದ್ರು ನಮ್ಮ ಮಾವ."

ಚೆಂದ ಇದ್ದವೆಲ್ಲಾ ಹೋದವು. ನಾನು ಕೆಡಿಸಿದ್ದೊಂದು ಉಳಿಯಿತು.

"ಇದರಾಗ ಯಾರ ಮಾರಿನೂ ಕಾಣವಲ್ದಲ್ಲಬೇ," ಅಂದಳು ಮಗಳು. ನಾನು ನಾಣ್ಯ ಇಸಿದುಕೊಂಡೆ. ಇಷ್ಟು ವರ್ಷಕ್ಕೆ ಕಪ್ಪು ತಿರುಗಿ ಬಂದಿದೆ. ತೆನೆ ಬರಲಿಲ್ಲ. ಸೋತ ಕೈಯಿಂದಲೇ ಅದನ್ನು ಅರಿವೆಯಲ್ಲಿ ಸುತ್ತಿ ಕೂಸಿನ ತಲೆದಿಂಬಿನ ಕೆಳಗೆ ಇಟ್ಟೆ.