ಅರಳಿ ಎಲೆ ಇಲ್ಲದ ಮಚ್ಚು

ಹೊಸ ಮಚ್ಚನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ಎಲೆ ಇರಲಿಲ್ಲ!

ಅಜ್ಜಂಪುರದ ರುದ್ರಾಚಾರ್ರ ಕುಲುಮೆಯಲ್ಲಿ ತಯಾರಾದದ್ದು ಮಚ್ಚಿರಲಿ, ಕುಡುಗೋಲಿರಲಿ, ತರಕಾರಿ ಚಾಕು ಇರಲಿ, ಹಿಡಿಯ ಪಕ್ಕದಲ್ಲಿ ಕಡಲೆಕಾಳಿನಷ್ಟು ಗಾತ್ರದ ಅರಳಿ ಎಲೆಯೊಂದನ್ನು ಒತ್ತಿರುತ್ತಾರೆ. ಅವರ ಮುತ್ತಾತ ಮಾಡಿಕೊಂಡ ಉಕ್ಕಿನ ಅಚ್ಚು ಅದು. ಕಡೂರಿನ ನಮ್ಮ ಮನೆಯಲ್ಲಿ ಎಳನೀರು ಕೊಚ್ಚಿದ್ದೆಲ್ಲ ಆ ಎಲೆಯ ಮಚ್ಚಿನಲ್ಲೇ. ನಮ್ಮತ್ತೆ ಮೊದಲು ಎಲೆ ಹುಡುಕುತ್ತಿದ್ದರು, ಆಮೇಲೆ ಹರಿತ ನೋಡುತ್ತಿದ್ದರು. (ಸೊಸೆಯನ್ನು ಆರಿಸುವಾಗ ಇಷ್ಟೊಂದು ನೋಡಿರಲಿಲ್ಲ ಅನ್ನುವುದು ನಮ್ಮ ಮನೆಯವರ ಜೋಕು.)

"ಏನ್ ಆಚಾರ್ರೇ, ಎಲೆ ಒತ್ತೋದೇ ಮರ್ತುಬಿಟ್ರಾ? ವಯಸ್ಸಾಯ್ತು ನಿಮಗೆ" ಎಂದು ರೇಗಿಸಿದೆ.

ಅವರು ನಗಲಿಲ್ಲ. "ಮರ್ತಿಲ್ಲ ಕಣಮ್ಮಾ. ಬಿಟ್ಬಿಟ್ಟಿದೀನಿ."

ಬಿಡುವುದೆಂದರೇನು? ನಾನು ಭಾಷಣ ಶುರುಮಾಡಿದೆ. ಹೆರಿಟೇಜ್ ಅಂದೆ, ಬ್ರ್ಯಾಂಡ್ ಅಂದೆ. ಒಂದು ಲೋಗೋ ಮಾಡಿಸಲು ಕಂಪನಿಗಳು ಎಷ್ಟು ದುಡ್ಡು ಸುರಿಯುತ್ತವೆ ಗೊತ್ತೇ ಎಂದೆ. ಪಾಪ, ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು.

ಬುಕ್ಕಾಂಬುಧಿ ಕಡೆಯ ಅಣ್ಣತಮ್ಮಂದಿರಿಬ್ಬರು. ಬದುವಿನ ಮೇಲಿನ ಒಂದು ತೆಂಗಿನಮರ ಯಾರದು ಎಂದು ಜಗಳ. (ಹೌದು, ಒಂದೇ ಒಂದು ಮರ.) ತಮ್ಮನಾದವನು ಮಚ್ಚು ಬೀಸಿದ. ಅಣ್ಣ ಬದುಕಿಕೊಂಡ, ಆದರೆ ಬಲಗೈ ಹೋಯಿತು. ಮಚ್ಚಿನ ಮೇಲೆ ಅರಳಿ ಎಲೆ ಇತ್ತು. ಪೊಲೀಸರು ಸೀದಾ ಕುಲುಮೆಗೇ ಬಂದರು.

"ಸ್ಟೇಷನ್‌ನಾಗೆ ಯಾರೂ ಗದರಲಿಲ್ಲ, ಟೀ ಕೊಟ್ರು. ಬಟ್ಟೇಲಿ ಸುತ್ತಿಟ್ಟಿದ್ದ ಮಚ್ಚು ಬಿಚ್ಚಿ ತೋರಿಸಿ, ನಿಂದಾ ಅಂದ್ರು. ಅಷ್ಟು ಏಟಾಗಿದ್ರೂ ಅಲಗು ಒಂಚೂರೂ ಮುಕ್ಕಾಗಿರ್ಲಿಲ್ಲ. ನಂದೇ ಸ್ವಾಮಿ ಅಂದೆ. ಒಂದು ಗಳಿಗೆ ಹೆಮ್ಮೆ ಆಗೋಯ್ತು ಕಣಮ್ಮಾ. ಆ ಹೆಮ್ಮೆ ನೆನೆಸ್ಕಂಡ್ರೆ ಈಗ್ಲೂ ಅನ್ನ ಸೇರಲ್ಲ."

ಇನ್ನು ಅವರು ತರೀಕೆರೆ ಕೋರ್ಟಿನಲ್ಲಿ ನಿಂತು ಅದನ್ನೇ ಹೇಳಬೇಕು. ಇದು ನಾನು ಮಾಡಿದ್ದು ಅಂತ.

"ನೀವು ಮಾಡಿದ್ದು ಕಾಯಿ ಕೊಚ್ಚೋಕೆ. ಅವನು ಬೀಸಿದ್ರೆ ನಿಮ್ಮ ತಪ್ಪೇನು?" ಎಂದೆ.

"ಬೇಲ್ ಮೇಲೆ ಹೊರಗೆ ಬಂದ ಆ ತಮ್ಮನೂ ಹಂಗೇ ಅಂದ. ನನ್ನ ಮಚ್ಚು ಪೊಲೀಸ್ರತ್ರ ಐತೆ, ಕಾಯಿ ಕೊಚ್ಚಕ್ಕೆ ಇನ್ನೊಂದು ಮಾಡ್ಕೊಡು ಅಜ್ಜಾ ಅಂದ."

ಅಬ್ಬಾ! "ಮಾಡಿಕೊಟ್ರಾ?"

"ಇಲ್ಲ, ಬರಿಗೈಲಿ ಕಳಿಸ್ಬಿಟ್ಟೆ. ಸಂತೇಲಿ ತಗಂಡ. ಅವತ್ತಿಂದ ಯಾರು ಬಂದು ನಿಂತ್ರೂ ಮೊದ್ಲು ಮುಖ ನೋಡಂಗಾಗೈತೆ. ಕೆಲಸ ಬಿಡಕ್ಕಾಗಲ್ಲ, ಹೊಟ್ಟೆಪಾಡು. ಎಲೆ ಬಿಡಬೋದು. ಅದು ನಮ್ಮ ಹಿರೀಕರದು. ಇನ್ನೊಂದ್ಸಲ ಪೊಲೀಸ್ರ ಆ ಬಟ್ಟೆ ಒಳಗೆ ಹೋಗಬಾರ್ದು."

ಮನೆತನದ ಹೆಸರು ಕೆಡಬಾರದೆಂದು ಹೆಸರನ್ನೇ ಅಳಿಸಿಕೊಂಡು ಕೂತಿರುವ ಮನುಷ್ಯ! ಬೀಸಿದವನು ಆರಾಮಾಗಿ ಸಂತೆ ಸುತ್ತುತ್ತಿದ್ದಾನೆ, ಮಾಡಿದವರಿಗೆ ಅನ್ನ ಸೇರುತ್ತಿಲ್ಲ. ಎಂಥ ನ್ಯಾಯ ಇದು? ಕೈಯಲ್ಲಿದ್ದ ಮಚ್ಚು ಸಂತೆಯಲ್ಲಿ ರಾಶಿ ಹಾಕಿರುವ ಯಾವುದೋ ಮಚ್ಚಿನ ಹಾಗೆ ಕಾಣಿಸಿತು. ಮನೆಗೆ ಒಯ್ದು ಅತ್ತೆಗೆ ಏನೆಂದು ಹೇಳಲಿ?

ಒಂದು ಕೊನೆಯ ಪ್ರಯತ್ನ ಮಾಡಿದೆ. "ನಂದಕ್ಕೊಂದು ಒತ್ತಿಕೊಡಿ ಆಚಾರ್ರೇ. ನಾನು ಯಾರ ಮೇಲೆ ಬೀಸ್ತೀನಿ?" ಎಂದು ನಕ್ಕೆ.

ಅವರು ನನ್ನ ಮುಖವನ್ನೇ ನೋಡಿದರು.

"ಅವನೂ ಇಲ್ಲೇ ನಿಂತ್ಕಂಡು, ಹಿಂಗೇ ನಗ್ತಾ ಎಲೆ ಒತ್ತಿಸ್ಕಂಡು ಹೋದ ಕಣಮ್ಮಾ. ಅವತ್ತು ಅಣ್ಣನೂ ಜೊತೆಗೆ ಬಂದಿದ್ದ."

ನಾನು ಅಂಥವಳಲ್ಲ ಎಂದು ಅವರಿಗೆ ಹೇಗೆ ನಂಬಿಸಲಿ, ನೀವೇ ಹೇಳಿ?