ಮೂರು ಸಲ ಮಿನುಗಿದ ಬೆಳಕು

ಹೈದರಾಬಾದು ಇನ್ನೂ ಭಾರತಕ್ಕೆ ಸೇರಿರಲಿಲ್ಲ. ನಿಜಾಮನ ಗಡಿ ಡಂಬಳದಿಂದ ದೂರವೇನಿಲ್ಲ; ಆಚೆಯಿಂದ ರಜಾಕಾರರು ನುಗ್ಗುತ್ತಾರೆಂದು ಮುಂಡರಗಿಯಲ್ಲಿ ಮಿಲಿಟರಿ ಬೀಡುಬಿಟ್ಟಿತ್ತು. ನಾನು ಡಂಬಳದ ಶಾಲೆಯಲ್ಲಿ ಮಾಸ್ತರ. ಇಪ್ಪತ್ತೆರಡರ ವಯಸ್ಸು, ತಲೆತುಂಬ ನನ್ನ ಬರವಣಿಗೆಯ ಜಂಬ.

ಕಾರಹುಣ್ಣಿಮೆಯ ಮರುದಿನ ಮುಸ್ಸಂಜೆ ಕೆರೆಯ ಮೇಲೆ ಆಕಾಶದಲ್ಲಿ ಕೆಂಪು ಬೆಳಕೊಂದು ಕಂಡಿತು. ಸದ್ದಿಲ್ಲ. ಸ್ವಲ್ಪ ಹೊತ್ತು ನಿಂತಲ್ಲೇ ನಿಂತು, ಆಮೇಲೆ ಪೂರ್ವಕ್ಕೆ, ಗಡಿಯ ಕಡೆಗೆ ಹೋಗಿಬಿಟ್ಟಿತು.

ಊರ ಹಿರಿಯರು ಮನೆಗೆ ಬಂದು, "ಮಾಸ್ತರ, ಮಿಲಿಟರಿಯವರಿಗೆ ಒಂದು ಅರ್ಜಿ ಬರೀರಿ" ಎಂದರು. ಅವರು ಹೇಳಿದ್ದು ಬೆಳಕು ಕಂಡಿತೆಂದು, ಅಷ್ಟೇ. ಅಷ್ಟನ್ನೇ ಬರೆದರೆ ನನಗೆ ಸಪ್ಪೆ ಎನಿಸಿತು. 'ಮೂರು ಸಲ ಮಿನುಗಿ ಸನ್ನೆ ಮಾಡಿತು' ಎಂದು ಸೇರಿಸಿದೆ. ಓದಿ ಹೇಳಿದಾಗ ಎಲ್ಲರೂ ತಲೆದೂಗಿ ಹೆಬ್ಬೆಟ್ಟು ಒತ್ತಿದರು.

ಎರಡು ದಿನಕ್ಕೆ ಜೀಪು ಬಂತು. ಅಧಿಕಾರಿ ಚಾವಡಿಯಲ್ಲಿ ವಿಚಾರಣೆಗೆ ಕುಳಿತ. ಅವನ ಹಿಂದೂಸ್ತಾನಿಯನ್ನು ಕನ್ನಡಕ್ಕೆ ತಿರುಗಿಸುವ ಕೆಲಸವೂ ನನ್ನ ಪಾಲಿಗೇ ಬಂತು.

ಮಧ್ಯಾಹ್ನ ಪಾತ್ರೆಗೆ ಕಲಾಯಿ ಹಾಕುವ ಮುದುಕ ತಾನಾಗಿಯೇ ಬಂದ. ಹಬ್ಬಕ್ಕೆ ಊರಿಗೆಲ್ಲ ಗಾಳಿಪಟ ಕಟ್ಟಿಕೊಡುವವನು ಅವನೇ.

"ಸಾಹೇಬ್ರ, ಅದು ನನ್ನ ಪಟ ರೀ. ಬಾಲಕ್ಕ ಕಾಗದದ ಬುಟ್ಟಿ ಕಟ್ಟಿ ಮೇಣಬತ್ತಿ ಇಟ್ಟಿದ್ದೆ. ದಾರ ಹರದು ಹೋತು. ಇಷ್ಟಕ್ಕ ನೀವ್ಯಾಕ ಬರಬೇಕಾತು!" ಎಂದು ನಕ್ಕ.

ಚಾವಡಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಧಿಕಾರಿ ನಗಲಿಲ್ಲ. "ಮೂರು ಸಲ ಸನ್ನೆ ಮಾಡಿದ್ದು ಯಾರಿಗೆ?" ಎಂದು ಕೇಳಿದ. ಮುದುಕ ಮಗಳನ್ನು ಗಡಿಯಾಚೆ ಕೊಟ್ಟಿದ್ದ, ಅದೂ ಹೊರಬಿತ್ತು.

ಅರ್ಜಿಗೆ ಹೆಬ್ಬೆಟ್ಟು ಒತ್ತಿದವರನ್ನು ಅಧಿಕಾರಿ ಒಬ್ಬೊಬ್ಬರಾಗಿ ಕರೆದು ಕೇಳಿದ. ನಮ್ಮೂರಲ್ಲಿ ಹೆಬ್ಬೆಟ್ಟು ಒತ್ತಿದರೆ ದೇವರ ಮುಂದೆ ಆಣೆ ಮಾಡಿದ ಹಾಗೆ. ಆಮೇಲೆ ಇಲ್ಲವೆಂದವನ ಮನೆ ಉದ್ಧಾರವಾಗುವುದಿಲ್ಲ ಎಂಬ ಭಯ. "ಹೌದ್ರಿ, ಮೂರು ಸಲ" ಎಂದರು. ಮುದುಕನ ಜೊತೆಗೇ ಆಡಿ ಬೆಳೆದ ಗೌಡರೂ ಕಣ್ಣೀರು ಹಾಕುತ್ತ ಅದನ್ನೇ ಹೇಳಿದರು.

ಅಧಿಕಾರಿ ನನ್ನ ಕಡೆ ತಿರುಗಿ, "ಬರೆದದ್ದು ನೀವೇ ತಾನೆ?" ಎಂದ.

"ಹೌದು" ಎಂದೆ. ಸನ್ನೆಯ ಮಾತು ನಾನೇ ಸೇರಿಸಿದ್ದೆಂದು ಹೇಳಲಿಲ್ಲ. ನೌಕರಿ ಹೋದೀತೆಂದು ಹೆದರಿದೆ; ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಎಂಥ ಹೇಡಿ ನಾನು! ಮುದುಕನನ್ನು ಹಿಡಿದು ಜೀಪಿಗೆ ಹತ್ತಿಸಿದರು. ಆಗಲೂ ಅವನು, ಮಾಸ್ತರ ಏನಾದರೂ ಹೇಳಿಯಾರೆಂದು ನನ್ನನ್ನೇ ನೋಡುತ್ತಿದ್ದ.

ಹೈದರಾಬಾದು ಸೇರಿತು, ಊರಿನಲ್ಲಿ ಸಕ್ಕರೆ ಹಂಚಿದರು. ಮುದುಕ ಬರಲಿಲ್ಲ. ಒಂದು ದಿನ ಅವನ ಹೆಂಡತಿ ನನ್ನ ಬಾಗಿಲಿಗೆ ಬಂದಳು.

"ಮಾಸ್ತರ, ನೀವು ಬರದದ್ದನ್ನ ಸರ್ಕಾರ ನಂಬ್ತೈತಿ. ನಮ್ಮವರನ್ನ ಬಿಡ್ರಿ ಅಂತ ಬರದು ಕೊಡ್ರಿ."

ಅವನ ವಯಸ್ಸು ಬರೆದೆ, ಕೆಮ್ಮು ಬರೆದೆ, ಪ್ರಾಮಾಣಿಕತೆ ಬರೆದೆ. ಆ ಮೂರು ಸಲದ ಮಾತು ನನ್ನ ಸ್ವಂತದ್ದೆಂದು ಮಾತ್ರ ಬರೆಯಲಿಲ್ಲ. ಓದಿ ಹೇಳಿರೆಂದಳು, ಓದಿದೆ.

"ಭಾಳ ಚಲೋ ಬರದೀರಿ" ಎಂದು ಆಕೆ ಬಗ್ಗಿ ನನ್ನ ಕಾಲು ಮುಟ್ಟಿದಳು.